ಕೊಂದವರು ಯಾರು ಎಂದು ಕೇಳುವ ಮೊದಲು

ಕಳೆದ ತಿಂಗಳು ನಮ್ಮ ಶಾಲೆಯ ಸಾಹಿತ್ಯ ಸಂಘದ ಸಭೆಗೆ ವಿಷಯ ಕೊಡಿ ಎಂದಾಗ ಒಂಬತ್ತನೇ ತರಗತಿಯ ಮೂವರು ಮಕ್ಕಳು ಬಂದು "ಮಾಷ್ಟ್ರೇ, ನಾವು ಅಮೆರಿಕದ ಭೂತದ ಮನೆಯ ಬಗ್ಗೆ ಮಾತಾಡ್ತೇವೆ" ಎಂದರು. ಯಾರದೋ ಮೊಬೈಲಿನಲ್ಲಿ ವಿಡಿಯೋ ನೋಡಿದ್ದಾರೆ. ಅಯೋವಾ ಎಂಬ ರಾಜ್ಯದಲ್ಲಿ ಒಂದು ಮನೆ, ದುಡ್ಡು ಕೊಟ್ಟರೆ ರಾತ್ರಿ ಅಲ್ಲೇ ಮಲಗಬಹುದು, ಮಕ್ಕಳ ನಗು ಕೇಳಿಸುತ್ತದಂತೆ, ಬಾಗಿಲು ತನ್ನಷ್ಟಕ್ಕೆ ಮುಚ್ಚುತ್ತದಂತೆ... ಹೇಳುವಾಗಲೇ ಅವರ ಕಣ್ಣು ಹೊಳೆಯುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಒಳ್ಳೆಯ ಚರ್ಚೆಯೇ ಆಯಿತು. "ಇದೆಲ್ಲ ಬೇಡ, ಸಣ್ಣ ಕ್ಲಾಸಿನ ಮಕ್ಕಳು ಹೆದರ್ತಾರೆ" ಎಂದರು ಒಬ್ಬ ಟೀಚರ್. "ಬೇಡ ಅಂದ್ರೆ ಅವರು ಇನ್ನೂ ಜಾಸ್ತಿ ನೋಡ್ತಾರೆ" ಎಂದರು ಇನ್ನೊಬ್ಬರು. ಎರಡೂ ನಿಜ. ನಾವು ಮಕ್ಕಳನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳಿದೆವು: "ಆ ಮನೆಯಲ್ಲಿ ಸತ್ತವರು ಯಾರು?"

"ಎಂಟು ಜನ, ಮಾಷ್ಟ್ರೇ. ಕೊಡಲಿಯಿಂದ."

"ಹೆಸರು?"

ಮೂವರೂ ಮುಖ ಮುಖ ನೋಡಿಕೊಂಡರು. ಕೊಂದಿರಬಹುದಾದವರ ಪಟ್ಟಿ ಮಾತ್ರ ಅವರಿಗೆ ಬಾಯಿಪಾಠ! ಪಾದ್ರಿ, ಸೆನೆಟರ್, ಬಾಡಿಗೆ ಕೊಲೆಗಾರ, ರೈಲಿನಲ್ಲಿ ಬಂದವನು. ಸತ್ತ ಎಂಟು ಮಂದಿಯಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ತಪ್ಪು ಮಕ್ಕಳದ್ದಲ್ಲ. ಅವರು ನೋಡಿದ ವಿಡಿಯೋದಲ್ಲಿ ಇದ್ದದ್ದೇ ಅಷ್ಟು. ಆದರೆ ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಒಂದೊಂದೇ ಹೆಸರು ಕರೆಯುವ ನಮ್ಮಂಥವರಿಗೆ ಇದು ಸ್ವಲ್ಪ ಚುಚ್ಚಿತು. ಆಮೇಲೆ ನಾವೂ ಕುಳಿತು ಓದಿದೆವು. ಓದಿದ್ದನ್ನು, ಓದಿದ ಮೇಲೆ ಅನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಊರಿನ ಹೆಸರು ವಿಲಿಸ್ಕಾ. ಅಯೋವಾದ ನೈಋತ್ಯ ಮೂಲೆಯಲ್ಲಿ ರೈಲು ಹಾದುಹೋಗುವ ಒಂದು ಸಣ್ಣ ಪೇಟೆ. 1912ರ ಜೂನ್ 9, ಭಾನುವಾರ. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಮಕ್ಕಳ ದಿನದ ಕಾರ್ಯಕ್ರಮ. ನಮ್ಮ ಶಾಲಾ ವಾರ್ಷಿಕೋತ್ಸವದ ಹಾಗೆ ಅಂತಿಟ್ಟುಕೊಳ್ಳಿ, ಮಕ್ಕಳು ಪದ್ಯ ಹೇಳುವುದು, ಹಾಡುವುದು, ತಂದೆತಾಯಿ ಎದುರಿನ ಬೆಂಚಿನಲ್ಲಿ ಕುಳಿತು ನೋಡುವುದು. ಅದನ್ನು ಏರ್ಪಡಿಸಿದವರಲ್ಲಿ ಮುಖ್ಯಳು ಸಾರಾ ಮೂರ್ ಎಂಬ ಗೃಹಿಣಿ. ರಾತ್ರಿ ಒಂಬತ್ತೂವರೆಗೆ ಕಾರ್ಯಕ್ರಮ ಮುಗಿಯಿತು. ಸಾರಾ, ಗಂಡ ಜೋಸಯ್ಯ ಮೂರ್, ನಾಲ್ಕು ಮಕ್ಕಳು ನಡೆದುಕೊಂಡೇ ಮನೆಗೆ ಹೋದರು. ಹನ್ನೊಂದು ವರ್ಷದ ಹರ್ಮನ್, ಹತ್ತು ವರ್ಷದ ಕ್ಯಾಥರೀನ್, ಏಳು ವರ್ಷದ ಬಾಯ್ಡ್, ಐದು ವರ್ಷದ ಪಾಲ್. ಜೊತೆಗೆ ಕ್ಯಾಥರೀನಳ ಗೆಳತಿಯರಾದ ಅಕ್ಕತಂಗಿ ಇಬ್ಬರು, ಲೀನಾ ಮತ್ತು ಐನಾ ಸ್ಟಿಲಿಂಜರ್. ಹೊತ್ತಾಯಿತು, ಇವತ್ತು ರಾತ್ರಿ ನಮ್ಮಲ್ಲೇ ಇರಲಿ ಎಂದು ಉಳಿಸಿಕೊಂಡಿದ್ದರು.

ಮರುದಿನ ಬೆಳಿಗ್ಗೆ ಏಳಾದರೂ ಆ ಮನೆಯಿಂದ ಯಾರೂ ಹೊರಗೆ ಬರಲಿಲ್ಲ. ಕೋಳಿಗಳನ್ನು ಬಿಟ್ಟಿಲ್ಲ, ಪರದೆ ಸರಿಸಿಲ್ಲ. ಪಕ್ಕದ ಮನೆಯಾಕೆಗೆ ಸಂಶಯ ಬಂತು. ಕೋಳಿಗಳನ್ನು ಆಕೆಯೇ ಬಿಟ್ಟು, ಜೋಸಯ್ಯನ ತಮ್ಮನಿಗೆ ಹೇಳಿಕಳಿಸಿದಳು. ಅವನು ಬಂದು ಬಾಗಿಲು ತೆರೆದ. ಎಂಟು ಮಂದಿಯೂ ಹಾಸಿಗೆಯಲ್ಲೇ ಸತ್ತಿದ್ದರು. ಕೊಡಲಿ ಅದೇ ಮನೆಯದು. ಕನ್ನಡಿಗಳಿಗೆ ಬಟ್ಟೆ ಮುಚ್ಚಿತ್ತು. ಇದಕ್ಕಿಂತ ಹೆಚ್ಚು ವಿವರ ಇಲ್ಲಿ ಬೇಡ, ಮಕ್ಕಳೂ ಈ ಪುಟ ಓದುತ್ತಾರೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೊಲೆಗಿಂತ ಆಮೇಲಿನ ಕಥೆ. ಸುದ್ದಿ ಹರಡಿದ್ದೇ ತಡ, ಊರಿಗೆ ಊರೇ ಆ ಮನೆಗೆ ನುಗ್ಗಿತು. ಮಧ್ಯಾಹ್ನದ ಹೊತ್ತಿಗೆ ನ್ಯಾಷನಲ್ ಗಾರ್ಡ್ ಎಂಬ ರಾಜ್ಯ ಪಡೆ ಬಂದು ಜನರನ್ನು ಹೊರಗೆ ಹಾಕುವ ತನಕ ಜನ ಕೋಣೆ ಕೋಣೆ ಸುತ್ತಿದರು, ಮುಟ್ಟಿದರು, ನೋಡಿದರು. ಏನಾದರೂ ಗುರುತು ಉಳಿದಿದ್ದರೆ ಅದೂ ಆ ಕಾಲುಗಳಡಿ ಹೋಯಿತು. ಜನ ಕೆಟ್ಟವರಲ್ಲ. ಅವರಲ್ಲಿ ಬಹಳ ಮಂದಿ ಅಳುತ್ತಾ ಬಂದವರೇ ಇರಬೇಕು. ನಮ್ಮೂರಲ್ಲಿ ಏನಾದರೂ ಆದರೂ ನಾವು ಹಾಗೆಯೇ ಓಡುತ್ತೇವೆ ಅಲ್ಲವೇ?

ಊಹೆ ಶುರುವಾದದ್ದು ಆಮೇಲೆ. ಜೋಸಯ್ಯ ಮೂರ್ ಹಿಂದೆ ಫ್ರಾಂಕ್ ಜೋನ್ಸ್ ಎಂಬವರ ಕೃಷಿ ಉಪಕರಣದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಿಟ್ಟು ಬಂದು ಸ್ವಂತ ಅಂಗಡಿ ಹಾಕಿದ. ಒಂದು ದೊಡ್ಡ ಕಂಪೆನಿಯ ಮಾರಾಟದ ಹಕ್ಕೂ ಅವನ ಜೊತೆಗೇ ಹೋಯಿತು. ಜೋನ್ಸ್ ಊರಿನ ದೊಡ್ಡ ಮನುಷ್ಯ, ರಾಜ್ಯದ ಸೆನೆಟರ್. ಇಬ್ಬರಿಗೂ ಮಾತಿಲ್ಲ ಎಂದು ಊರಿಗೆಲ್ಲ ಗೊತ್ತು. ಸಾಕಲ್ಲ! ಒಬ್ಬ ಖಾಸಗಿ ಪತ್ತೇದಾರ ಬಂದು, ಜೋನ್ಸ್ ದುಡ್ಡು ಕೊಟ್ಟು ಮ್ಯಾನ್ಸ್‌ಫೀಲ್ಡ್ ಎಂಬವನಿಂದ ಕೊಲ್ಲಿಸಿದ ಎಂದು ವರ್ಷಗಟ್ಟಲೆ ಸಾರಿದ. 1916ರಲ್ಲಿ ಮ್ಯಾನ್ಸ್‌ಫೀಲ್ಡನನ್ನು ಹಿಡಿದು ತಂದರು. ಅವನು ಆ ದಿನಗಳಲ್ಲಿ ಬೇರೆ ರಾಜ್ಯದಲ್ಲಿ ಕೂಲಿಗಿದ್ದ ಎಂದು ಸಂಬಳದ ಪಟ್ಟಿ ಹೇಳಿತು, ಬಿಟ್ಟರು. ಜೋನ್ಸ್ ಮೇಲೆ ಯಾವ ಕೋರ್ಟೂ ಯಾವತ್ತೂ ಮೊಕದ್ದಮೆ ಹೂಡಲಿಲ್ಲ. ಆದರೂ ಆ ಸಂಶಯ ಅವರನ್ನು ಸಾಯುವ ತನಕ ಬಿಡಲಿಲ್ಲ.

ಇನ್ನು ಪಾದ್ರಿ. ಲಿನ್ ಜಾರ್ಜ್ ಕೆಲ್ಲಿ, ಇಂಗ್ಲೆಂಡಿನಿಂದ ಬಂದವರು, ಊರೂರು ತಿರುಗಿ ಬೋಧಿಸುವವರು, ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಆ ಭಾನುವಾರ ಮಕ್ಕಳ ಕಾರ್ಯಕ್ರಮ ನೋಡಿ, ಸೋಮವಾರ ಬೆಳ್ಳಂಬೆಳಗ್ಗೆ ರೈಲು ಹತ್ತಿದ್ದರು. ಐದು ವರ್ಷದ ನಂತರ, 1917ರಲ್ಲಿ ಬಂಧಿಸಿ ರಾತ್ರಿಯಿಡೀ ವಿಚಾರಿಸಿದಾಗ ಒಪ್ಪಿಕೊಂಡರು, ಆಮೇಲೆ ಇಲ್ಲ ಎಂದರು. ಮೊದಲ ವಿಚಾರಣೆಯಲ್ಲಿ ಜ್ಯೂರಿಗಳಿಗೆ ಒಮ್ಮತ ಬರಲಿಲ್ಲ. ಎರಡನೆಯದರಲ್ಲಿ ಬಿಡುಗಡೆ. ಅಷ್ಟು ಹೊತ್ತಿಗೆ ಊರು ಎರಡು ಭಾಗವಾಗಿತ್ತು. ಜೋನ್ಸ್ ಮಾಡಿಸಿದ್ದು ಎನ್ನುವವರು ಒಂದು ಕಡೆ, ಪಾದ್ರಿಯೇ ಮಾಡಿದ್ದು ಎನ್ನುವವರು ಇನ್ನೊಂದು ಕಡೆ.

ಅದೇ ಹೊತ್ತಿನಲ್ಲಿ, 1911 ಮತ್ತು 1912ರಲ್ಲಿ, ಕೊಲೊರಾಡೋ ಸ್ಪ್ರಿಂಗ್ಸ್, ಇಲಿನಾಯ್ಸಿನ ಮಾನ್ಮತ್, ಕಾನ್ಸಸ್‌ನ ಎಲ್ಸ್‌ವರ್ತ್ ಮತ್ತು ಪವೋಲಾ, ಹೀಗೆ ರೈಲು ಹಾದಿಯ ಬೇರೆ ಊರುಗಳಲ್ಲೂ ಮಲಗಿದ್ದ ಕುಟುಂಬಗಳನ್ನು ಹೆಚ್ಚು ಕಡಿಮೆ ಇದೇ ರೀತಿ ಕೊಂದಿದ್ದರು. ಹಾಗಾದರೆ ಕೊಂದವನು ಊರಿನವನೇ ಅಲ್ಲದಿರಬಹುದು. ರೈಲಿನಿಂದ ಇಳಿದು, ರೈಲು ಹತ್ತಿ ಹೋದವನು ಇರಬಹುದು. 2017ರಲ್ಲಿ ಬಿಲ್ ಜೇಮ್ಸ್ ಮತ್ತು ಅವರ ಮಗಳು ಒಂದು ದೊಡ್ಡ ಪುಸ್ತಕ ಬರೆದು ಅಂಥ ಒಬ್ಬನ ಹೆಸರನ್ನೂ ಹೇಳಿದ್ದಾರೆ. ಅದೂ ಊಹೆಯೇ, ಚೆನ್ನಾಗಿ ಕೂಡಿಸಿದ ಊಹೆ ಅಷ್ಟೆ. ಅಕ್ಕಪಕ್ಕದ ಮನೆಯವರು ಒಬ್ಬರನ್ನೊಬ್ಬರು ಕೊಲೆಗಾರರೆಂದು ನೋಡಿದ ಅಷ್ಟೂ ವರ್ಷಗಳಲ್ಲಿ, ಕೊಂದವನು ಆ ಊರಿನ ಯಾರಿಗೂ ಗೊತ್ತೇ ಇಲ್ಲದವನು ಆಗಿದ್ದಿರಬಹುದು ಎಂಬುದನ್ನು ಸ್ವಲ್ಪ ಯೋಚಿಸಿ ನೋಡಿ.

ಮನೆಯ ಕಥೆಗೆ ಬರೋಣ. 1994ರಲ್ಲಿ ಪಕ್ಕದ ಊರಿನ ದಂಪತಿ ಅದನ್ನು ಕೊಂಡು, 1912ರಲ್ಲಿ ಇದ್ದ ಹಾಗೆಯೇ ಮಾಡಿದರು. ಕರೆಂಟಿಲ್ಲ, ನಲ್ಲಿಯಿಲ್ಲ. 1998ರಲ್ಲಿ ಅದು ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ಇಷ್ಟು ಒಳ್ಳೆಯ ಕೆಲಸ ಎಂದೇ ನಾವು ಹೇಳುತ್ತೇವೆ, ಇಲ್ಲದಿದ್ದರೆ ಮನೆ ಬಿದ್ದುಹೋಗುತ್ತಿತ್ತು. ಆದರೆ ಹಗಲು ಚರಿತ್ರೆ ತೋರಿಸುವ ಮನೆ ರಾತ್ರಿ ಭೂತ ಹುಡುಕುವವರಿಗೆ ಬಾಡಿಗೆಗೆ ಸಿಗುತ್ತದೆ. ಐದು ವರ್ಷದ ಪಾಲ್ ಕೊನೆಯ ಸಲ ಮಲಗಿದ ಕೋಣೆಯಲ್ಲಿ ಯಂತ್ರಗಳನ್ನು ಇಟ್ಟುಕೊಂಡು "ಯಾರಾದರೂ ಇದ್ದೀರಾ?" ಎಂದು ಕೇಳುತ್ತಾರೆ. ನಮ್ಮ ಮೂವರು ಮಕ್ಕಳು ನೋಡಿದ್ದು ಅದನ್ನೇ. ನಮಗೆ ಇದು ಹಿಡಿಸಲಿಲ್ಲ. ನಮ್ಮ ತುಳುನಾಡಿನಲ್ಲೂ ಸತ್ತವರನ್ನು ಕರೆಯುತ್ತಾರೆ, ಅನ್ಯಾಯವಾಗಿ ಸತ್ತು ದೈವವಾದವರ ಕಥೆಗಳು ನಮಗೇನು ಹೊಸತಲ್ಲ. ಆದರೆ ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಹುಟ್ಟಿದ್ದೆಲ್ಲಿ, ಸತ್ತದ್ದು ಹೇಗೆ ಎಂದು ಪಾಡ್ದನದಲ್ಲಿ ಹೇಳಿ, ತಲೆ ಬಾಗಿ ಕರೆಯುತ್ತಾರೆ. ಟಿಕೇಟು ಕೊಂಡು ಮೈ ನವಿರೇಳಿಸಿಕೊಳ್ಳಲು ಕರೆಯುವುದು ಬೇರೆಯೇ.

ಒಬ್ಬ ಸಹೋದ್ಯೋಗಿ ಇದಕ್ಕೆ ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ಭೂತ ಇಲ್ಲದಿದ್ರೆ ಆ ಮನೆಯ ಬಗ್ಗೆ ಯಾರಿಗೆ ಗೊತ್ತಾಗ್ತಿತ್ತು? ನಮ್ಮ ಮಕ್ಕಳಿಗೆ ಸಹ ಗೊತ್ತಾಗ್ತಿರ್ಲಿಲ್ಲ." ಸರಿ. ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ಆದರೆ ಅದೇ ದೇಶದ ಬೇರೆ ಕೆಲವು ಸಣ್ಣ ಊರುಗಳು ಇದಕ್ಕೆ ತಿರುಗುಮುರುಗಾದ ಕೆಲಸ ಮಾಡಿವೆ. ವಿಲಿಸ್ಕಾದಲ್ಲಿ ಸತ್ತವರ ಹೆಸರು ಮೊದಲ ದಿನವೇ ಗೊತ್ತಿತ್ತು. ಇವುಗಳಲ್ಲಿ ಅದೂ ಗೊತ್ತಿರಲಿಲ್ಲ.

1960ರ ಜುಲೈ 31. ಅರಿಝೋನಾದ ಕಾಂಗ್ರೆಸ್ ಎಂಬ ಪುಟ್ಟ ಊರಿನ ಹತ್ತಿರ ಮರಳುಗಾಡು. ಕೈತೋಟಕ್ಕೆಂದು ಚಂದದ ಕಲ್ಲು ಹುಡುಕುತ್ತಿದ್ದ ಒಬ್ಬ ಶಾಲಾ ಅಧ್ಯಾಪಕರಿಗೆ (ಹೌದು, ನಮ್ಮವರೇ!) ಮರಳಿನಲ್ಲಿ ಹೂತಿದ್ದ ಒಂದು ಹೆಣ್ಣು ಮಗುವಿನ ಶವ ಕಂಡಿತು. ಉಗುರಿಗೆ ಬಣ್ಣ ಹಚ್ಚಿತ್ತು. ಕಾಲಲ್ಲಿ ದೊಡ್ಡವರ ಹವಾಯಿ ಚಪ್ಪಲಿಯನ್ನು ಮಗುವಿನ ಅಳತೆಗೆ ಕತ್ತರಿಸಿ, ಬಾರು ಕಟ್ಟಿ ಮಾಡಿದ ಚಪ್ಪಲಿ. ಯಾರ ಮಗು ಎಂದು ಯಾರಿಗೂ ಗೊತ್ತಾಗಲಿಲ್ಲ. ಹತ್ತಿರದ ಪ್ರೆಸ್ಕಾಟ್ ಪಟ್ಟಣದ ಒಬ್ಬ ರೇಡಿಯೋ ಉದ್ಘೋಷಕರು, ಈ ಮಗುವನ್ನು ಗತಿಯಿಲ್ಲದವರ ಗುಂಡಿಯಲ್ಲಿ ಹಾಕುವುದು ಬೇಡ ಎಂದು ಜನರಲ್ಲಿ ಕೇಳಿಕೊಂಡರು. ಊರವರು ದುಡ್ಡು ಕೂಡಿಸಿದರು. ಕುಟುಂಬವೇ ಇಲ್ಲದ ಆ ಮಗುವಿನ ಅಂತ್ಯಸಂಸ್ಕಾರಕ್ಕೆ ಗುರುತು ಪರಿಚಯ ಇಲ್ಲದವರು ಬಂದು ನಿಂತರು. 'ಯಾರೂ ಅಲ್ಲದ ಪುಟ್ಟ ಹುಡುಗಿ' ಎಂಬ ಅರ್ಥದ ಹೆಸರು ಕೆತ್ತಿ ಕಲ್ಲು ನಿಲ್ಲಿಸಿದರು. ಮುಂದಿನ ಅರವತ್ತು ವರ್ಷ ಆ ಸಮಾಧಿಗೆ ಹೂ ಇಡುವವರು ಇದ್ದೇ ಇದ್ದರು.

ಇಲ್ಲಿಯೂ ಊಹೆಯೇ ಅಡ್ಡ ಬಂದದ್ದು. ಹತ್ತು ದಿನ ಮೊದಲು, ಜುಲೈ 21ರಂದು, ಪಕ್ಕದ ರಾಜ್ಯ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಪಟ್ಟಣದಲ್ಲಿ ಅಜ್ಜಿ ಮನೆಯ ಹಿಂದಿನ ಓಣಿಯಲ್ಲಿ ಆಡುತ್ತಿದ್ದ ನಾಲ್ಕು ವರ್ಷದ ಶರೋನ್ ಲೀ ಗಾಯೆಗೋಸ್ ಎಂಬ ಮಗುವನ್ನು ಕಾರಿನಲ್ಲಿ ಬಂದ ದಂಪತಿಯಂಥ ಇಬ್ಬರು ಎಳೆದುಕೊಂಡು ಹೋಗಿದ್ದರು. ಪೊಲೀಸರಿಗೆ ಅದು ತಿಳಿದಿತ್ತು, ಹೋಲಿಸಿಯೂ ನೋಡಿದರು! ಆದರೆ ಮರಳಿನಲ್ಲಿ ಸಿಕ್ಕ ಮಗುವಿಗೆ ಏಳು ವರ್ಷ ಇರಬಹುದು ಎಂದು ಅಂದಾಜಿಸಿದ್ದರು. ಹೆಜ್ಜೆಯ ಅಳತೆ, ಬಟ್ಟೆ ಹೊಂದುವುದಿಲ್ಲ ಎಂದರು. ಇದು ಆ ಮಗು ಅಲ್ಲ ಎಂದು ಕಡತ ಮುಚ್ಚಿದರು. 2018ರಲ್ಲಿ ಸಮಾಧಿ ತೆರೆದು ಮಾದರಿ ತೆಗೆದು, ಕೊನೆಗೆ ಟೆಕ್ಸಾಸಿನ ಒಂದು ಪ್ರಯೋಗಾಲಯ ಡಿ.ಎನ್.ಎ. ಪರೀಕ್ಷೆ ಮಾಡಿದ ಮೇಲೆ, 2022ರ ಮಾರ್ಚಿನಲ್ಲಿ ಘೋಷಿಸಿದರು: ಅದು ಶರೋನಳೇ. ಅರವತ್ತೆರಡು ವರ್ಷ ಸರಿಯಾದ ಉತ್ತರ ಕಡತದ ಒಳಗೇ ಇತ್ತು, 'ಅಲ್ಲ' ಎಂಬ ಷರಾದ ಕೆಳಗೆ. ಎಳೆದುಕೊಂಡು ಹೋದವರು ಯಾರು ಎಂದು ಇನ್ನೂ ಗೊತ್ತಾಗಿಲ್ಲ.

ಇನ್ನೊಂದು, ಕೆಂಟಕಿಯ ಜಾರ್ಜ್‌ಟೌನ್. 1968ರ ಮೇ ತಿಂಗಳಲ್ಲಿ ಬಾವಿ ಕೊರೆಯುವ ಕೆಲಸದ ಒಬ್ಬಾತನಿಗೆ ರಸ್ತೆ ಬದಿಯಲ್ಲಿ ಡೇರೆಯ ಹಸಿರು ಟರ್ಪಾಲಿನಲ್ಲಿ ಸುತ್ತಿದ ಶವ ಸಿಕ್ಕಿತು. ಹದಿನಾರರಿಂದ ಹತ್ತೊಂಬತ್ತು ವರ್ಷದ ಹುಡುಗಿ ಎಂದು ತೀರ್ಮಾನಿಸಿದರು. 'ಡೇರೆಯ ಹುಡುಗಿ' ಎಂದೇ ಹೆಸರಾಯಿತು. ಕಾಣೆಯಾದ ಶಾಲಾ ಹುಡುಗಿಯರನ್ನು ಹುಡುಕಿದರು. ಶವದ ಜೊತೆ ಒಂದು ಬಿಳಿ ಬಟ್ಟೆ ಇತ್ತು, ಎಳೆಮಗುವಿಗೆ ಕಟ್ಟುವ ಬಟ್ಟೆಯಂಥದು. ಅದು ತಾಯಿಯೊಬ್ಬಳ ಗುರುತು ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಹದಿನಾರರ ಅಂದಾಜಿನ ಎದುರು ಅದು ನಿಲ್ಲುತ್ತಿರಲಿಲ್ಲವೇನೋ. 1971ರಲ್ಲಿ ದಾನಿಗಳು ಸಮಾಧಿಗೆ ಕಲ್ಲು ಹಾಕಿಸಿ, ಚಿತ್ರಕಾರರು ಬಿಡಿಸಿದ ಅವಳ ಮುಖವನ್ನು ಅದರಲ್ಲಿ ಕೆತ್ತಿಸಿದರು.

ಬಾವಿ ಕೊರೆಯುವವನ ಅಳಿಯ ಟಾಡ್ ಮ್ಯಾಥ್ಯೂಸ್, ಟೆನ್ನೆಸಿಯ ಲಿವಿಂಗ್‌ಸ್ಟನ್ ಎಂಬ ಊರಿನ ಫ್ಯಾಕ್ಟರಿ ಕಾರ್ಮಿಕ. ಮಾವ ಹೇಳಿದ ಕಥೆ ಅವನ ತಲೆ ಬಿಡಲಿಲ್ಲ. ಹತ್ತು ವರ್ಷ, ಮೊದಲು ಲೈಬ್ರರಿಗಳಲ್ಲಿ, ಆಮೇಲೆ ಹೊಸತಾಗಿ ಬಂದ ಇಂಟರ್ನೆಟ್ಟಿನಲ್ಲಿ, ಕೆಲಸ ಮುಗಿಸಿ ಬಂದು ರಾತ್ರಿ ಹುಡುಕಿದ. 1998ರಲ್ಲಿ, 1967ರ ಕೊನೆಗೆ ಲೆಕ್ಸಿಂಗ್ಟನ್ನಿನಲ್ಲಿ ಕಾಣೆಯಾದ ಅಕ್ಕನನ್ನು ಹುಡುಕುತ್ತಿದ್ದ ತಂಗಿಯೊಬ್ಬಳ ನಾಲ್ಕು ಸಾಲು ಅವನಿಗೆ ಕಂಡಿತು. ಡಿ.ಎನ್.ಎ. ಹೊಂದಿತು. ಡೇರೆಯ ಹುಡುಗಿ ಹುಡುಗಿಯೇ ಅಲ್ಲ, ಇಪ್ಪತ್ತನಾಲ್ಕು ವರ್ಷದ ತಾಯಿ, ಬಾರ್ಬರಾ ಆನ್ ಹ್ಯಾಕ್‌ಮನ್ ಟೇಲರ್. ಗಂಡ ಕಾರ್ನಿವಲ್ ತಂಡದ ಕೆಲಸಗಾರ. ಅವಳು ಯಾರ ಜೊತೆಗೋ ಓಡಿಹೋದಳು ಎಂದು ಮನೆಯವರಿಗೆ ಹೇಳಿದ್ದ. ಅವನ ಮೇಲೇ ಸಂಶಯ, ಆದರೆ ಅವನು 1987ರಲ್ಲೇ ತೀರಿಕೊಂಡಿದ್ದ. ಕೋರ್ಟಿನಲ್ಲಿ ಈ ಕೇಸು ಯಾವತ್ತೂ ಮುಗಿಯಲಾರದು. ಆದರೂ ಮೂವತ್ತು ವರ್ಷ "ಅಮ್ಮ ನಮ್ಮನ್ನು ಬಿಟ್ಟು ಹೋದಳು" ಎಂದುಕೊಂಡಿದ್ದ ಮನೆಗೆ "ಇಲ್ಲ, ಬಿಟ್ಟು ಹೋಗಲಿಲ್ಲ" ಎಂದು ಗೊತ್ತಾಯಿತಲ್ಲ. ಕೊಲೆಗಾರನಿಗೆ ಶಿಕ್ಷೆ ಆಗದಿದ್ದರೆ ಹೆಸರು ಸಿಕ್ಕಿ ಏನು ಪ್ರಯೋಜನ ಎಂದು ಕೇಳುವವರು ಆ ಮಕ್ಕಳನ್ನು ಕೇಳಿ ನೋಡಬೇಕು.

ಅಮೆರಿಕದ ನ್ಯಾಯ ಇಲಾಖೆಯ ಅಂದಾಜಿನ ಪ್ರಕಾರ ಆ ದೇಶದಲ್ಲಿ ವರ್ಷಕ್ಕೆ ಸುಮಾರು 4,400 ಗುರುತಿಲ್ಲದ ಶವಗಳು ಸಿಗುತ್ತವೆ, ಅವುಗಳಲ್ಲಿ ಸುಮಾರು 1,000 ವರ್ಷ ಕಳೆದರೂ ಗುರುತಿಲ್ಲದೆಯೇ ಉಳಿಯುತ್ತವೆ. ಇಷ್ಟು ದೊಡ್ಡ, ದುಡ್ಡಿರುವ ದೇಶದಲ್ಲಿ ಹೀಗೇಕೆ? ನಮಗೆ ತಿಳಿದ ಮಟ್ಟಿಗೆ ಮುಖ್ಯ ಕಾರಣ ಇದು: ಅಲ್ಲಿ ಕೌಂಟಿ ಎಂದರೆ ನಮ್ಮ ತಾಲೂಕಿನಂಥ ಆಡಳಿತ ಘಟಕ, ಪ್ರತಿ ಕೌಂಟಿಗೆ ಅದರದೇ ಶೆರಿಫ್, ಅದರದೇ ಕಡತ. ಶವದ ತನಿಖೆ ಮಾಡುವ ಕರೋನರ್ ಎಂಬ ಅಧಿಕಾರಿಯನ್ನು ಕೆಂಟಕಿಯಂಥ ರಾಜ್ಯಗಳಲ್ಲಿ ಚುನಾವಣೆಯಲ್ಲಿ ಆರಿಸುತ್ತಾರೆ, ಅವರು ವೈದ್ಯರೇ ಆಗಬೇಕೆಂದಿಲ್ಲ. ಒಂದು ಕೌಂಟಿಯಲ್ಲಿ ಕಾಣೆಯಾದವಳು ಇನ್ನೊಂದರಲ್ಲಿ ಸಿಕ್ಕಿದರೆ ಎರಡು ಕಡತ, ನಡುವೆ ಸೇತುವೆ ಇಲ್ಲ. ಕಾಣೆಯಾದವರ ಮತ್ತು ಗುರುತಿಲ್ಲದ ಶವಗಳ ದಾಖಲೆಯನ್ನು ಎಲ್ಲರೂ ನೋಡುವಂತೆ ಒಂದೇ ಕಡೆ ಇಡುವ 'ನ್ಯಾಮಸ್' ಎಂಬ ಸರಕಾರಿ ವ್ಯವಸ್ಥೆ ಬಂದದ್ದೇ 2007ರ ನಂತರ. ಅದಕ್ಕೂ ಮೊದಲು ಆ ಕೆಲಸ ಮಾಡಿದ್ದು 'ಡೋ ನೆಟ್‌ವರ್ಕ್' ಎಂಬ ಸ್ವಯಂಸೇವಕರ ಕೂಟ.

ಗಡಿಯ ಇಚೆ ಇರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಲಪಾಡಿ ದಾಟಿ ಹೋಗುವ ನಮ್ಮ ಮಕ್ಕಳ ಸರ್ಟಿಫಿಕೇಟುಗಳ ಕಥೆ ನಮಗೆ ಗೊತ್ತಲ್ಲ. ಮನೆಯಲ್ಲಿ ಒಂದು ಹೆಸರು, ಮಲಯಾಳದಲ್ಲಿ ಬರೆದು ಇಂಗ್ಲಿಷಿಗೆ ಇಳಿಸುವಾಗ ಇನ್ನೊಂದು. ಒಂದು ಅಕ್ಷರ ಹೆಚ್ಚಾದರೆ ಆಚೆಯ ಕಛೇರಿಯಲ್ಲಿ "ಇದು ಇವನಲ್ಲ" ಎನ್ನುತ್ತಾರೆ. ಕಳೆದ ವರ್ಷ ಒಬ್ಬ ಹುಡುಗನ ತಂದೆ ಅದಕ್ಕಾಗಿ ನಾಲ್ಕು ಸಲ ಅಲೆದರು. ನಮ್ಮದು ಜೀವಂತ ಮಕ್ಕಳ ಕಥೆ, ಅಲೆದರೆ ಸರಿಯಾಗುತ್ತದೆ, "ನಾನೇ ಅವನು" ಎಂದು ಹೇಳಲು ಬಾಯಿದೆ. ಹೋಲಿಕೆ ಅಷ್ಟಕ್ಕೇ ಸಾಕು.

ಕೊನೆಯದಾಗಿ ನ್ಯೂ ಹ್ಯಾಂಪ್‌ಶೈರಿನ ಅಲೆನ್ಸ್‌ಟೌನ್. 1985ರ ನವೆಂಬರಿನಲ್ಲಿ ಬೇರ್ ಬ್ರೂಕ್ ಎಂಬ ರಾಜ್ಯ ಉದ್ಯಾನದ ಪಕ್ಕದ ಕಾಡಿನಲ್ಲಿ ಒಂದು ಪೀಪಾಯಿ, ಅದರಲ್ಲಿ ಒಬ್ಬ ಹೆಂಗಸು, ಒಂದು ಹುಡುಗಿ. ಗುರುತು ಹತ್ತಲಿಲ್ಲ. ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿ ಕಲ್ಲು ಹಾಕಿದರು. 2000ನೇ ಇಸವಿಯಲ್ಲಿ ಅಲ್ಲಿಂದ ನೂರು ಗಜ ದೂರದಲ್ಲೇ ಇನ್ನೊಂದು ಪೀಪಾಯಿ, ಅದರಲ್ಲಿ ಇನ್ನೂ ಇಬ್ಬರು ಪುಟ್ಟ ಮಕ್ಕಳು. ಹದಿನೈದು ವರ್ಷ ಅದು ಅಲ್ಲೇ ಇತ್ತು! 2017ರಲ್ಲಿ ಕೊಂದವನು ಟೆರಿ ರಾಸ್ಮುಸ್ಸೆನ್ ಎಂದು ಗೊತ್ತಾಯಿತು. ಊರೂರಿಗೆ ಹೆಸರು ಬದಲಿಸಿ ಬದುಕಿದವನು, ಬೇರೊಂದು ಕೊಲೆಗೆ ಶಿಕ್ಷೆಯಾಗಿ ಕ್ಯಾಲಿಫೋರ್ನಿಯಾದ ಜೈಲಿನಲ್ಲಿ 2010ರಲ್ಲೇ ಸತ್ತಿದ್ದ. ನೋಡಿ, ಇಲ್ಲಿ ಎಲ್ಲ ತಲೆಕೆಳಗು. ಕೊಂದವನ ಅಸಲಿ ಹೆಸರು ಸಿಕ್ಕಿತು, ಸತ್ತವರದ್ದು ಆಗಲೂ ಸಿಕ್ಕಿರಲಿಲ್ಲ.

ಅದನ್ನು ಹುಡುಕಿದವರಲ್ಲಿ ಒಬ್ಬರು ಕನೆಕ್ಟಿಕಟ್ ರಾಜ್ಯದ ಒಬ್ಬ ಗ್ರಂಥಪಾಲಕಿ. ಬಂಧುಗಳು "ನಮ್ಮವರು ಎಲ್ಲಿದ್ದಾರೆ?" ಎಂದು ಎಂದೋ ಬರೆದಿಟ್ಟ ಹಳೆಯ ಸಾಲುಗಳನ್ನು ತಾಳ್ಮೆಯಿಂದ ಓದುತ್ತಾ ಹೋಗಿ ಜೋಡಿಸಿದರು. ಅದೇ ಹೊತ್ತಿಗೆ ವಿಜ್ಞಾನಿಗಳು ಬುಡವಿಲ್ಲದ ಕೂದಲಿನಿಂದಲೂ ಡಿ.ಎನ್.ಎ. ತೆಗೆದು ಅದೇ ಉತ್ತರಕ್ಕೆ ಬಂದರು. 2019ರ ಜೂನಿನಲ್ಲಿ ಮೂವರಿಗೆ ಹೆಸರು ಬಂತು: ಮಾರ್ಲೀಸ್ ಹನಿಚರ್ಚ್, ಅವಳ ಮಕ್ಕಳು ಮರೀ ವಾನ್ ಮತ್ತು ಸಾರಾ ಮೆಕ್‌ವಾಟರ್ಸ್. 1978ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಬ್ಬದ ಊಟಕ್ಕೆ ತಾಯಿಮನೆಗೆ ಬಂದು, ಜಗಳವಾಡಿ ಹೊರಟ ಮಾರ್ಲೀಸ್ ಮತ್ತೆ ಮನೆಯವರಿಗೆ ಕಾಣಲೇ ಇಲ್ಲ.

ಈ ವಂಶಾವಳಿ ಹುಡುಕುವ ಡಿ.ಎನ್.ಎ. ವಿಧಾನದ ಬಗ್ಗೆ ಒಂದು ಮಾತು. ಯಾರೋ ತಮ್ಮ ಅಜ್ಜ ಮುತ್ತಜ್ಜರನ್ನು ತಿಳಿಯಲೆಂದು ಕೊಟ್ಟ ಮಾದರಿಯನ್ನು ಪೊಲೀಸರು ಬಳಸಬಹುದೇ ಎಂಬ ಪ್ರಶ್ನೆ ಅಲ್ಲಿ ದೊಡ್ಡದಾಗಿಯೇ ಎದ್ದಿತು. 2019ರಲ್ಲಿ ಜೆಡ್‌ಮ್ಯಾಚ್ ಎಂಬ ಸಂಸ್ಥೆ, ಒಪ್ಪಿಗೆ ಕೊಟ್ಟವರ ಮಾಹಿತಿಯನ್ನು ಮಾತ್ರ ಪೊಲೀಸರಿಗೆ ತೋರಿಸುತ್ತೇವೆ ಎಂದು ನಿಯಮ ಬದಲಿಸಿತು. ಅದು ಸರಿ ಎಂದೇ ನಮ್ಮ ಅಭಿಪ್ರಾಯ. ಕೇಳಿ ಪಡೆಯುವುದಕ್ಕೂ ಕೇಳದೆ ತೆಗೆಯುವುದಕ್ಕೂ ವ್ಯತ್ಯಾಸ ಇದೆ. ಗುರುತಿಲ್ಲದ ಒಂದು ಮಗುವಿಗೆ ಹೆಸರು ಕೊಡಲು ಎಂದರೆ ಒಪ್ಪಿಗೆ ಕೊಡುವವರು ಎಷ್ಟೋ ಮಂದಿ ಇರುತ್ತಾರೆ.

ಸರಿ, ನಮ್ಮ ಸಭೆಗೆ ಬರೋಣ. ಮಕ್ಕಳಿಗೆ ಬೇಡ ಎಂದು ಹೇಳಲಿಲ್ಲ. ಎರಡು ಷರತ್ತು ಹಾಕಿದೆವು. ಒಂದು, ಸತ್ತ ಎಂಟು ಮಂದಿಯ ಹೆಸರು, ವಯಸ್ಸು, ಆ ಸಂಜೆ ಅವರು ಏನು ಮಾಡುತ್ತಿದ್ದರು ಎಂಬುದರಿಂದಲೇ ಶುರು ಮಾಡಬೇಕು. ಎರಡು, ಕೋರ್ಟು ಬಿಟ್ಟವನನ್ನು ನಮ್ಮ ವೇದಿಕೆಯಲ್ಲಿ ಕೊಲೆಗಾರ ಎನ್ನಬಾರದು. ಎರಡನೆಯದಕ್ಕೆ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಕಥೆಯ ಮಜಾ ಇರುವುದೇ ಅಲ್ಲಿ ಎಂದು ಅವರ ಲೆಕ್ಕ. ಹೆತ್ತವರಲ್ಲೂ ನಮ್ಮದೊಂದು ವಿನಂತಿ ಇದೆ. ಮಕ್ಕಳು ಮೊಬೈಲಿನಲ್ಲಿ ಇಂಥದ್ದು ನೋಡುವಾಗ ಕಸಿದುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು "ಸತ್ತದ್ದು ಯಾರು ಮಗಾ?" ಎಂದು ಒಮ್ಮೆ ಕೇಳಿ.

ಸಭೆಯ ದಿನ ಅವರು ವಿಲಿಸ್ಕಾದಿಂದ ಶುರು ಮಾಡಿ ಅಲೆನ್ಸ್‌ಟೌನಿಗೆ ಬಂದು ಮುಗಿಸಿದರು. ಭೂತದ ಮಾತು ಬಂದದ್ದು ಒಂದೇ ಸಲ. ಎರಡನೇ ಪೀಪಾಯಿಯ ಒಂದು ಮಗು ಉಳಿದ ಮೂವರಿಗೆ ಸಂಬಂಧಿಯೇ ಅಲ್ಲ, ಕೊಂದವನ ಸ್ವಂತ ಮಗಳು, ಅವಳಿಗೆ ಮಾತ್ರ ಹೆಸರು ಸಿಕ್ಕಿರಲಿಲ್ಲ ಎಂದಾಗ ಸಭೆ ಸ್ತಬ್ಧ. 2025ರ ಸೆಪ್ಟೆಂಬರಿನಲ್ಲಿ ಅದೂ ಸಿಕ್ಕಿತು, ಅವಳ ಹೆಸರು ರೀಯಾ ರಾಸ್ಮುಸ್ಸೆನ್ ಎಂದು ಹೇಳಿ ಅವರು ಕುಳಿತರು.

ಆಗ ಐದನೇ ತರಗತಿಯ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತು ಕೇಳಿದಳು, "ಅವಳ ಅಮ್ಮ ಎಲ್ಲಿ ಮಾಷ್ಟ್ರೇ?"

ಅಮ್ಮನ ಹೆಸರು ಪೆಪ್ಪರ್ ರೀಡ್. ಆ ಹೆಸರೂ ಮಗಳ ಹೆಸರಿನ ಜೊತೆಗೇ ತಿಳಿಯಿತು. 1970ರ ದಶಕದ ಕೊನೆಯಿಂದ ಆಕೆಯನ್ನು ಯಾರೂ ನೋಡಿಲ್ಲ. ರೀಯಾಳ ಹೆಸರು ಘೋಷಿಸಿದ ದಿನವೂ ಪೊಲೀಸರು ಆಕೆಯನ್ನು ಹುಡುಕುತ್ತಲೇ ಇದ್ದರು.